ಹಿಂದಿನ ಕೋಣೆಗೆ ಎರಡನೇ ರೌಟರ್ ಹಾಕಿದ ಮೇಲೆ ಇಡೀ ಮನೆಯ ನೆಟ್ ಹೋಗಿ ಬಂದು ಮಾಡುತ್ತಿದೆ

ಜಗುಲಿಕಟ್ಟೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ತೊಟ್ಟಿ ಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಬಾಕ್ಸ್ ಜಗುಲಿಯಲ್ಲಿದೆ. ಅಲ್ಲಿ ವೈಫೈ ಚೆನ್ನಾಗಿ ಸಿಗುತ್ತದೆ. ನಡುಮನೆ ದಾಟಿ ಹಿಂದಿನ ಕೋಣೆಗೆ ಹೋದರೆ ಒಂದು ಕಡ್ಡಿ, ಕೆಲವು ಸಲ ಅದೂ ಇಲ್ಲ. ಅತ್ತೆ ಮಲಗುವುದು ಅಲ್ಲೇ. ಮಂಡಿ ನೋವು, ಜಗುಲಿ ತನಕ ಬರಲು ಆಗುವುದಿಲ್ಲ. ನಾದಿನಿ ಹೊರದೇಶದಲ್ಲಿದ್ದಾಳೆ, ದಿನಾ ಸಂಜೆ ವೀಡಿಯೊ ಕಾಲ್ ಮಾಡುತ್ತಾಳೆ. ಮುಖ ಕಾಣುವ ಹೊತ್ತಿಗೆ ಕಟ್ ಆಗುತ್ತದೆ. ಅತ್ತೆ ಫೋನ್ ಕೆಳಗಿಟ್ಟು ಸುಮ್ಮನಾಗುತ್ತಾರೆ. ಅದನ್ನು ನೋಡಲು ಆಗುವುದಿಲ್ಲ.

ಅದಕ್ಕೇ ಒಂದು ಹೊಸ ರೌಟರ್ ತಂದೆ. ಜಗುಲಿಯಿಂದ ಹಿಂದಿನ ಕೋಣೆಗೆ ಮಾಡಿನ ತೊಲೆಯ ಪಕ್ಕದಲ್ಲೇ ಕೇಬಲ್ ಎಳೆಸಿದೆ, ಸುಮಾರು 22 ಮೀಟರ್. ಬಾಕ್ಸಿನ ಲ್ಯಾನ್ (ಮನೆಯೊಳಗಿನ ಸಾಮಾನು ಸೇರಿಸುವ) ಪೋರ್ಟ್‌ನಿಂದ ಹೊಸ ರೌಟರಿನ ಲ್ಯಾನ್ ಪೋರ್ಟ್‌ಗೆ ಚುಚ್ಚಿದೆ. ಮೊದಲ ಅರ್ಧ ಗಂಟೆ ಎಲ್ಲಾ ಸರಿ ಇತ್ತು. ಆಮೇಲೆ ಜಗುಲಿಯಲ್ಲೂ ನೆಟ್ ಹೋಯಿತು! ಫೋನಿನಲ್ಲಿ ವೈಫೈ ಪೂರ್ತಿ ಇದೆ, ಕೆಳಗೆ ಇಂಟರ್ನೆಟ್ ಇಲ್ಲ ಎಂದು ಬರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಒಂದೊಂದು ಸಲ ಬರುತ್ತದೆ. ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವಳು. ದಯವಿಟ್ಟು ದಾರಿ ತೋರಿಸಿ.

ಮಂಗಳೂರು ಮಳೆ:
ಕೇಬಲ್ ಯಾಕೆ ಎಳೆದಿರಿ? ಒಂದು ರಿಪೀಟರ್ ತಂದು ನಡುಮನೆಯ ಪ್ಲಗ್‌ಗೆ ಚುಚ್ಚಿದ್ದರೆ ಸಾಕಿತ್ತಲ್ವಾ? ನಮ್ಮ ಫ್ಲ್ಯಾಟಿನಲ್ಲಿ ಅದೇ ಇದೆ, ಕೆಲಸ ಮಾಡುತ್ತದೆ.

ಹಾಸನದ ವೈರ್‌ಮನ್:
ಅಕ್ಕಾ, ಕೇಬಲ್ ಎಳೆಸಿದ್ದೇ ಒಳ್ಳೆಯದಾಯಿತು. ಅದನ್ನು ತೆಗೆಯಬೇಡಿ. ಮೊದಲು ಒಂದು ವಿಷಯ ನೋಡಿ ಹೇಳಿ. ನೆಟ್ ಹೋದಾಗ ಫೋನಿನ ವೈಫೈ ಸೆಟ್ಟಿಂಗ್ ತೆಗೆದು, ಕನೆಕ್ಟ್ ಆದ ಹೆಸರನ್ನು ಒತ್ತಿ. ಅಲ್ಲಿ ಐಪಿ ವಿಳಾಸ, ಗೇಟ್‌ವೇ ಎಂದು ಎರಡು ನಂಬರ್ ಇರುತ್ತದೆ. ಮೊದಲನೆಯದು ಫೋನಿನ ಸ್ವಂತ ನಂಬರ್, ಎರಡನೆಯದು ಹೊರಗೆ ಹೋಗುವ ಬಾಗಿಲಿನ ನಂಬರ್. ಬರೆದುಕೊಳ್ಳಿ. ನೆಟ್ ಬಂದಾಗಲೂ ಅದನ್ನೇ ಬರೆದುಕೊಳ್ಳಿ. ಆಮೇಲೆ ಎರಡೂ ಪೆಟ್ಟಿಗೆಗಳ ಹಿಂದಿನ ಸ್ಟಿಕ್ಕರ್ ನೋಡಿ, ಲಾಗಿನ್ ಆಗುವ ವಿಳಾಸ ಏನಿದೆ?

ರಿಪೀಟರ್ ಬಗ್ಗೆ ಒಂದು ಮಾತು. ಅದು ಗಾಳಿಯಲ್ಲಿ ಬಂದದ್ದನ್ನು ಕೇಳಿಸಿಕೊಂಡು ಮತ್ತೆ ಗಾಳಿಗೇ ಕೂಗುತ್ತದೆ. ಒಂದೇ ಬ್ಯಾಂಡಿನ ರಿಪೀಟರ್ ಆದರೆ ಕೇಳುವುದಕ್ಕೆ ಅರ್ಧ ಹೊತ್ತು, ಹೇಳುವುದಕ್ಕೆ ಅರ್ಧ ಹೊತ್ತು. ವೇಗ ಅಲ್ಲಿಗೇ ಅರ್ಧ ಆಯಿತು. ಫ್ಲ್ಯಾಟಿನ ತೆಳ್ಳಗಿನ ಗೋಡೆಗೆ ನಡೆಯುತ್ತದೆ. ಒಂದೂವರೆ ಅಡಿ ಮಣ್ಣಿನ ಗೋಡೆ ಎರಡು ಮೂರು ದಾಟಬೇಕು ಎಂದರೆ ರಿಪೀಟರಿನ ಕೈಗೆ ಬರುವುದೇ ಸತ್ತ ಸಿಗ್ನಲ್. ಅದು ಅದನ್ನೇ ಮುಂದೆ ಕೊಡುತ್ತದೆ.

ಜಗುಲಿಕಟ್ಟೆ:
ನೋಡಿದೆ ಅಣ್ಣಾ. ನೆಟ್ ಇದ್ದಾಗಲೂ ಗೇಟ್‌ವೇ 192.168.1.1, ಇಲ್ಲದಾಗಲೂ 192.168.1.1. ಎರಡೂ ಪೆಟ್ಟಿಗೆಯ ಸ್ಟಿಕ್ಕರ್ ಮೇಲೆ ಇರುವುದೂ ಅದೇ ನಂಬರ್. ಇನ್ನೊಂದು ವಿಚಿತ್ರ. ನನ್ನ ಲ್ಯಾಪ್‌ಟಾಪ್ ಮತ್ತು ಅತ್ತೆಯ ಫೋನ್ ಎರಡಕ್ಕೂ 192.168.1.3 ಎಂದು ತೋರಿಸುತ್ತಿದೆ.

ಹಾಸನದ ವೈರ್‌ಮನ್:
ಸಿಕ್ಕಿತು ಅಕ್ಕಾ. ನಿಮ್ಮ ಮನೆಯಲ್ಲಿ ಈಗ ಇಬ್ಬರು ಯಜಮಾನರಿದ್ದಾರೆ.

ಫೋನ್ ವೈಫೈಗೆ ಸೇರಿದ ಕೂಡಲೇ ನನಗೊಂದು ವಿಳಾಸ ಕೊಡಿ ಎಂದು ಇಡೀ ಮನೆಗೆ ಕೇಳುವಂತೆ ಕೂಗುತ್ತದೆ. ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ನಿಮ್ಮ ಎರಡೂ ಪೆಟ್ಟಿಗೆಯಲ್ಲಿ ಅದು ಆನ್ ಇದೆ. ಯಾವುದು ಮೊದಲು ಓಗೊಡುತ್ತದೋ ಅದರ ವಿಳಾಸವನ್ನು ಫೋನ್ ಇಟ್ಟುಕೊಳ್ಳುತ್ತದೆ. ಒಬ್ಬರು ಕೊಟ್ಟ ನಂಬರ್ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಎರಡು ಸಾಮಾನಿಗೆ ಒಂದೇ 3ನೇ ನಂಬರ್ ಬಂದಿದೆ.

ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎರಡೂ ಪೆಟ್ಟಿಗೆಯ ಸ್ವಂತ ವಿಳಾಸವೂ ಒಂದೇ. ಒಂದೇ ಬೀದಿಯಲ್ಲಿ ಒಂದೇ ಡೋರ್ ನಂಬರಿನ ಎರಡು ಮನೆ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡುತ್ತಾನೆ? ಒಮ್ಮೆ ಇಲ್ಲಿ ಹಾಕುತ್ತಾನೆ, ಒಮ್ಮೆ ಅಲ್ಲಿ. ನಿಮ್ಮ ಫೋನ್ ಕಳಿಸಿದ್ದು ಜಗುಲಿಯ ಬಾಕ್ಸಿಗೆ ಹೋದರೆ ನೆಟ್ ಬಂತು. ಹಿಂದಿನ ಕೋಣೆಯ ಪೆಟ್ಟಿಗೆಗೆ ಹೋದರೆ ಅಲ್ಲಿಂದ ಹೊರಗೆ ದಾರಿಯೇ ಇಲ್ಲ. ಮೊದಲ ಅರ್ಧ ಗಂಟೆ ಸರಿ ಇದ್ದದ್ದು ಯಾಕೆ ಎಂದರೆ ಆಗ ಎಲ್ಲರ ಕೈಯಲ್ಲೂ ಹಳೇ ವಿಳಾಸ, ಹಳೇ ದಾರಿ ಇತ್ತು.

ಈಗ ಹೀಗೆ ಮಾಡಿ. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಮುಖ್ಯ.

ಇಬ್ಬರ ನಡುವಿನ ಉದ್ದನೆಯ ಕೇಬಲ್ ಕಿತ್ತುಬಿಡಿ. ಹೊಸ ರೌಟರನ್ನು ಲ್ಯಾಪ್‌ಟಾಪಿನ ಪಕ್ಕ ತಂದು, ಅದರ ಜೊತೆ ಬಂದ ಗಿಡ್ಡ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸೇರಿಸಿ. ಲ್ಯಾಪ್‌ಟಾಪಿನ ವೈಫೈ ಆಫ್ ಇರಲಿ. ಬ್ರೌಸರಿನಲ್ಲಿ 192.168.1.1 ಹೊಡೆದು ಒಳಗೆ ಹೋಗಿ. ಮೊದಲು ಲ್ಯಾನ್ ಸೆಟ್ಟಿಂಗಿಗೆ ಹೋಗಿ ವಿಳಾಸವನ್ನು 192.168.1.2 ಮಾಡಿ ಸೇವ್ ಮಾಡಿ. ಪೆಟ್ಟಿಗೆ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಈಗ 192.168.1.2 ಹೊಡೆದು ಮತ್ತೆ ಒಳಗೆ ಬನ್ನಿ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ತಿರುಗಾ ಮುರುಗಾ ಮಾಡಿದರೆ, ಎಂದರೆ ಡಿಎಚ್‌ಸಿಪಿ ಮೊದಲು ಆಫ್ ಮಾಡಿದರೆ, ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ. ಲ್ಯಾಪ್‌ಟಾಪಿಗೆ ಕೈಯಾರೆ ನಂಬರ್ ಹಾಕಿ ಒಳಗೆ ಹೋಗಬೇಕಾಗುತ್ತದೆ. ಸುಮ್ನೆ ಕಷ್ಟ.

ಇದಾದ ಮೇಲೆ ಉದ್ದ ಕೇಬಲ್ ಹಾಕಿ. ಲ್ಯಾನ್‌ನಿಂದ ಲ್ಯಾನ್‌ಗೆ. ಬೇರೆ ಬಣ್ಣದ ವ್ಯಾನ್ (ಹೊರಗಿನ ನೆಟ್ ಒಳಗೆ ಬರುವ) ಪೋರ್ಟ್ ಖಾಲಿ ಇರಲಿ. ಇಬ್ಬರ ನಡುವೆ ಒಂದೇ ಕೇಬಲ್. ವೇಗ ಜಾಸ್ತಿ ಆಗಲಿ ಎಂದು ಎರಡು ಹಾಕಬೇಡಿ, ಸುತ್ತು ಬಿದ್ದು ಇಡೀ ನೆಟ್‌ವರ್ಕ್ ನಿಂತು ಹೋಗುತ್ತದೆ.

ಹುಬ್ಬಳ್ಳಿ ನೆಟ್‌ವರ್ಕ್:
ವೈರ್‌ಮನ್ ಅಣ್ಣ ಹೇಳಿದ್ದು ಬರೋಬ್ಬರಿ ಅದೆ. ಎರಡು ಮಾತು ಸೇರಿಸುತ್ತೇನೆ.

ಜಗುಲಿಯ ಬಾಕ್ಸ್ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಹಂಚುತ್ತದೆ ಅಂತ ನೋಡ್ರಿ. ಬಹಳಷ್ಟು ಬಾಕ್ಸುಗಳು 2ರಿಂದ 254ರವರೆಗೆ ಹಂಚುತ್ತವೆ. ಹಾಗಿದ್ದರೆ ಒಂದು ದಿನ ಯಾವುದೋ ಫೋನಿಗೆ 192.168.1.2 ಕೊಟ್ಟುಬಿಡುತ್ತದೆ, ಮತ್ತೆ ಅದೇ ಜಗಳ. ಶುರುವಿನ ನಂಬರನ್ನು 20 ಮಾಡಿಬಿಡ್ರಿ. ಕೆಳಗಿನವು ನಿಮ್ಮ ಕೈಯಲ್ಲಿ ಉಳಿಯುತ್ತವೆ. ನಾಳೆ ಪ್ರಿಂಟರ್, ಕ್ಯಾಮೆರಾ ಏನಾದರೂ ಬಂದರೂ ಅನುಕೂಲ.

ಎರಡನೆಯದು, ಹೊಸ ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇರುತ್ತದೆ, ಎಂದರೆ ಯಜಮಾನಿಕೆ ಬಿಟ್ಟು ಬರೀ ವೈಫೈ ಕೊಡುವ ಕೆಲಸ. ಅದನ್ನು ಆರಿಸಿದರೆ ಡಿಎಚ್‌ಸಿಪಿ ತಾನೇ ಆಫ್ ಆಗುತ್ತದೆ. ವ್ಯಾನ್ ಪೋರ್ಟೂ ಸಾಮಾನ್ಯವಾಗಿ ಲ್ಯಾನ್ ಥರ ಕೆಲಸ ಮಾಡುತ್ತದೆ. ಆದರೆ ಆ ಪೆಟ್ಟಿಗೆಗೆ ವಿಳಾಸ ಕೊಡುವುದು ಜಗುಲಿಯ ಬಾಕ್ಸ್. ಮುಂದೆ ಸೆಟ್ಟಿಂಗ್ ಬದಲಿಸಬೇಕಾದರೆ ಬಾಕ್ಸಿನೊಳಗೆ ಹೋಗಿ ಯಾರಿಗೆ ಯಾವ ನಂಬರ್ ಕೊಟ್ಟಿದೆ ಅಂತ ಪಟ್ಟಿ ಹುಡುಕಬೇಕು. ನನಗೆ ಕೈಯಾರೆ ನಂಬರ್ ಹಾಕುವುದೇ ಇಷ್ಟ. ಒಂದು ಚೀಟಿ ಬರೆದು ಪೆಟ್ಟಿಗೆಯ ಹೊಟ್ಟೆಗೆ ಅಂಟಿಸಿಬಿಡ್ರಿ.

ನಿವೃತ್ತ ಮೇಷ್ಟ್ರು, ಮೈಸೂರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಎರಡು ರೌಟರಿನ ವಿಷಯವೇ. ಮಹಡಿ ಮೇಲೆ ಬಾಡಿಗೆಗೆ ಇಬ್ಬರು ಓದುವ ಹುಡುಗರಿದ್ದಾರೆ. ಅವರಿಗೂ ನಮ್ಮ ನೆಟ್ಟನ್ನೇ ಕೊಡೋಣ ಎಂದುಕೊಂಡಿದ್ದೇನೆ. ಆದರೆ ಅವರ ಫೋನು ಬೇರೆ, ನಮ್ಮದು ಬೇರೆ ಇರಬೇಕು. ಆಗಲೂ ಲ್ಯಾನ್‌ನಿಂದ ಲ್ಯಾನ್‌ಗೇ ಹಾಕಬೇಕೇ?

ಹುಬ್ಬಳ್ಳಿ ನೆಟ್‌ವರ್ಕ್:
ಇಲ್ಲ ಮೇಷ್ಟ್ರೇ, ನಿಮ್ಮದು ಬೇರೆ ಲೆಕ್ಕ. ಜಗುಲಿಕಟ್ಟೆ ಅವರಿಗೆ ಬೇಕಾದದ್ದು ಒಂದೇ ಮನೆ, ಎರಡು ದೀಪ. ನಿಮಗೆ ಬೇಕಾದದ್ದು ಎರಡು ಮನೆ.

ಕೆಳಗಿನ ರೌಟರಿನ ಲ್ಯಾನ್‌ನಿಂದ ಮೇಲಿನ ರೌಟರಿನ ವ್ಯಾನ್‌ಗೆ ಹಾಕಿ. ಮೇಲಿನದರಲ್ಲಿ ಡಿಎಚ್‌ಸಿಪಿ ಆನ್ ಇರಲಿ. ಅದರ ವಿಳಾಸ 192.168.2.1 ಮಾಡಿ. ಮೂರನೆಯ ಅಂಕೆ ಬೇರೆ ಆಗಲೇಬೇಕು. ಹುಡುಗರು ಹೊಸ ಫೋನ್ ತಂದರೂ ನಿಮ್ಮ ಪಟ್ಟಿಯಲ್ಲಿ ಕಾಣುವುದಿಲ್ಲ.

ಆದರೆ ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಹೀಗೆ ಮಾಡಿದರೆ ನೀವು ಅವರನ್ನು ನೋಡಲಾರಿರಿ, ಅವರು ನಿಮ್ಮನ್ನು ನೋಡಬಲ್ಲರು. ಹೊರಗೆ ಹೋಗಲು ಅವರ ದಾರಿ ನಿಮ್ಮ ಅಂಗಳದ ಮೂಲಕವೇ ಅಲ್ವಾ? ನಿಮ್ಮ ಪ್ರಿಂಟರ್, ಕ್ಯಾಮೆರಾ ಅವರ ಕೈಗೆ ಸಿಗುತ್ತದೆ. ಬಹಳ ಜನ ಇದನ್ನು ಉಲ್ಟಾ ತಿಳಿದುಕೊಂಡಿದ್ದಾರೆ. ಕೆಳಗಿನ ರೌಟರಿನ ಸಿಗ್ನಲ್ ಮೇಲೆ ಸಿಗುವುದಾದರೆ ಎರಡನೇ ರೌಟರೇ ಬೇಡ, ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದರ ಪಾಸ್‌ವರ್ಡ್ ಮಾತ್ರ ಅವರಿಗೆ ಕೊಡಿ. ಅದು ನಿಮ್ಮ ಸಾಮಾನುಗಳನ್ನು ಬೇರೆ ಇಡುತ್ತದೆ. ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ ಎನ್ನುವುದೂ ನೆನಪಿರಲಿ, ಯಾರಿಗೆ ಕೊಡುತ್ತೀರಿ ಎಂದು ನೋಡಿ ಕೊಡಿ.

ನಿವೃತ್ತ ಮೇಷ್ಟ್ರು, ಮೈಸೂರು:
ತುಂಬಾ ಉಪಕಾರವಾಯಿತು. ಗೆಸ್ಟ್ ನೆಟ್‌ವರ್ಕ್ ನೋಡುತ್ತೇನೆ. ಮೆಟ್ಟಿಲ ತನಕ ಸಿಗ್ನಲ್ ಸಿಗುತ್ತದೆ, ಕೋಣೆಯೊಳಗೆ ಪರೀಕ್ಷೆ ಮಾಡಬೇಕು.

ಜಗುಲಿಕಟ್ಟೆ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೇ ಮಾಡಿದೆ. ಜಗುಲಿಯ ಬಾಕ್ಸ್ ನಿಜವಾಗಿಯೂ 2ರಿಂದಲೇ ಹಂಚುತ್ತಿತ್ತು, 20 ಮಾಡಿದೆ. ಎಲ್ಲಾ ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಎರಡು ದಿನದಲ್ಲಿ ಒಂದು ಸಲವೂ ನೆಟ್ ಹೋಗಿಲ್ಲ! ನಿನ್ನೆ ಅತ್ತೆ ನಲವತ್ತು ನಿಮಿಷ ಮಾತಾಡಿದರು. ಮೊಮ್ಮಗಳು ಹಲ್ಲು ಬಿದ್ದದ್ದನ್ನು ತೋರಿಸಿದಳಂತೆ, ಸ್ಪಷ್ಟವಾಗಿ ಕಂಡಿತಂತೆ.

ಒಂದೇ ಒಂದು ಕೊರತೆ. ನಮ್ಮದು 150 ಎಂಬಿಪಿಎಸ್ ಪ್ಲಾನ್. ಜಗುಲಿಯಲ್ಲಿ 145ರ ಆಸುಪಾಸು ಬರುತ್ತದೆ. ಹಿಂದಿನ ಕೋಣೆಯಲ್ಲಿ ರೌಟರಿನ ಎದುರಿಗೇ ಕೂತರೂ 94. ಬೆಳಗ್ಗೆ 94, ರಾತ್ರಿ 94. ಒಂದು ಅಂಕೆ ಹೆಚ್ಚು ಕಡಿಮೆ ಇಲ್ಲ. ಅತ್ತೆಗೆ ಇಷ್ಟು ಧಾರಾಳ ಸಾಕು. ಆದರೆ ಯಾಕೆ ಹೀಗೆ ಎಂದು ತಿಳಿಯಬೇಕು.

ಹಾಸನದ ವೈರ್‌ಮನ್:
ಅಕ್ಕಾ, 94 ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ವೈಫೈ ತೊಂದರೆ ಆಗಿದ್ದರೆ ಅಂಕೆ ಕುಣಿಯುತ್ತಿತ್ತು, 60, 110, 80 ಎಂದು. ಅಲುಗಾಡದೆ 94ರಲ್ಲೇ ನಿಂತರೆ ದಾರಿಯಲ್ಲಿ ಎಲ್ಲೋ 100ರ ಗೇಟ್ ಇದೆ ಎಂದರ್ಥ. 100ರಲ್ಲಿ ಸಾಗಣೆಯ ಖರ್ಚು ಕಳೆದು ಕೈಗೆ ಸಿಗುವುದು ಅಷ್ಟೇ.

ಗೇಟ್ ಮೂರು ಕಡೆ ಇರಬಹುದು. ಹೊಸ ರೌಟರಿನ ಪೋರ್ಟೇ 100ರದ್ದಿರಬಹುದು, ಕಡಿಮೆ ಬೆಲೆಯವುಗಳಲ್ಲಿ ಹಾಗಿರುತ್ತದೆ. ಫೈಬರ್ ಬಾಕ್ಸಿನಲ್ಲೂ ಕೆಲವಕ್ಕೆ ಒಂದು ಪೋರ್ಟ್ ಮಾತ್ರ ಗಿಗಾಬಿಟ್ (ಎಂದರೆ 1000), ಉಳಿದ ಮೂರು 100. ಮೂರನೆಯದು ಕೇಬಲ್. ಹೀಗೆ ಪರೀಕ್ಷೆ ಮಾಡಿ: ಹೊಸ ರೌಟರನ್ನು ಜಗುಲಿಗೆ ತಂದು, ಅದೇ ಪೋರ್ಟುಗಳಿಗೆ ಗಿಡ್ಡ ಕೇಬಲ್ಲಿನಿಂದ ಸೇರಿಸಿ ವೇಗ ನೋಡಿ.

ಜಗುಲಿಕಟ್ಟೆ:
ಗಿಡ್ಡ ಕೇಬಲ್ಲಿನಲ್ಲಿ 144 ಬಂತು.

ಹಾಸನದ ವೈರ್‌ಮನ್:
ಹಾಗಾದರೆ ಉದ್ದ ಕೇಬಲ್ಲೇ. 22 ಮೀಟರ್ ಉದ್ದ ಏನೂ ಅಲ್ಲ, 100 ಮೀಟರ್ ತನಕ ನಡೆಯುತ್ತದೆ. ತುದಿಯ ಪಿನ್ ನೋಡಿ.

ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೊತೆ. 100ಕ್ಕೆ ಎರಡು ಜೊತೆ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿಯೋ ಕಂದೋ ಒಂದು ತಂತಿ ಸರಿಯಾಗಿ ಕೂರದಿದ್ದರೆ ಬಹಳಷ್ಟು ಪೆಟ್ಟಿಗೆಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ನೆಟ್ ಬರುತ್ತಲೇ ಇರುತ್ತದೆ, ಅದಕ್ಕೇ ಯಾರೂ ಹುಡುಕುವುದಿಲ್ಲ.

ಪಿನ್ ಪಾರದರ್ಶಕ ಪ್ಲಾಸ್ಟಿಕ್. ಕಿಟಕಿ ಹತ್ತಿರ ಬೆಳಕಿಗೆ ಹಿಡಿಯಿರಿ. ಮುಂದಿನ ಮೂತಿಯ ಕಡೆಯಿಂದ ನೋಡಿ. ಎಂಟು ತಂತಿಯ ತುದಿಯೂ ಚುಕ್ಕೆ ಚುಕ್ಕೆಯಾಗಿ ಮಿನುಗಬೇಕು. ಆಮೇಲೆ ಕೊಕ್ಕೆ ಕೆಳಗೆ, ಮೂತಿ ನಿಮ್ಮಿಂದ ಆಚೆಗೆ ಬರುವಂತೆ ಹಿಡಿದು ಎಡದಿಂದ ಬಣ್ಣ ಓದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು ಇರಬೇಕು.

ಜಗುಲಿಕಟ್ಟೆ:
ಸಿಕ್ಕಿತು! ಜಗುಲಿ ತುದಿ ಸರಿ ಇದೆ. ಹಿಂದಿನ ಕೋಣೆಯ ತುದಿಯಲ್ಲಿ ಏಳೇ ಚುಕ್ಕೆ ಮಿನುಗುತ್ತವೆ. ಕೊನೆಯ ಕಂದು ತಂತಿ ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿದೆ. ಮೇಲಿನ ಹಿತ್ತಾಳೆ ಹಲ್ಲು ಅದಕ್ಕೆ ತಾಗಿಯೇ ಇಲ್ಲ. ಇಷ್ಟು ದಿನ ಕಣ್ಣೆದುರಿಗೇ ಇತ್ತು.

ಹಾಸನದ ವೈರ್‌ಮನ್:
ಆ ಪಿನ್ ಕತ್ತರಿಸಿ ಹೊಸದು ಹಾಕಿಸಿ. ಒಮ್ಮೆ ಒತ್ತಿದ ಪಿನ್ ಮತ್ತೆ ಬಳಸಲು ಬರುವುದಿಲ್ಲ. ಹಾಕುವವರಿಗೆ ಹೇಳಿ, ತಂತಿಗಳನ್ನು ನೇರ ಮಾಡಿ ಎಂಟನ್ನೂ ಒಂದೇ ಸಮ ಕತ್ತರಿಸಿ, ಹೊರಗಿನ ದಪ್ಪ ಸಿಪ್ಪೆಯೂ ಪಿನ್ ಒಳಗೆ ಹೋಗುವಂತೆ ದೂಡಿ, ಆಮೇಲೆ ಒತ್ತಬೇಕು ಎಂದು. ಸಿಪ್ಪೆ ಹೊರಗೇ ಉಳಿದರೆ ಕೇಬಲ್ ಜಗ್ಗಿದಾಗ ಭಾರವೆಲ್ಲ ಸಣ್ಣ ತಂತಿಗಳ ಮೇಲೆ ಬೀಳುತ್ತದೆ.

ಕತ್ತರಿಸಿದ ತುಂಡನ್ನು ಎಸೆಯಬೇಡಿ. ಒಂದು ತಂತಿಯ ಮೈಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ತಾಮ್ರದ ಬಣ್ಣವೇ ಇದ್ದರೆ ಒಳ್ಳೆಯದು. ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಸದ್ಯಕ್ಕೆ ನಡೆದರೂ ಬಹಳ ವರ್ಷ ನಂಬುವ ಹಾಗಿಲ್ಲ. ಮುಂದಿನ ಸಲ ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ಕೇಬಲ್ ಎಂದು ಕೇಳಿ ತನ್ನಿ. ತೊಲೆಯ ಮೇಲೆ ಇಲಿ ಓಡಾಡುತ್ತವಾದರೆ ಪಿವಿಸಿ ಪೈಪಿನೊಳಗೆ ಹಾಯಿಸಿ.

ಮಂಗಳೂರು ಮಳೆ:
ಓದಿ ನನಗೂ ತುಂಬಾ ತಿಳಿಯಿತು. ನನ್ನದೊಂದು ಪ್ರಶ್ನೆ. ಎರಡೂ ರೌಟರಿಗೆ ವೈಫೈ ಹೆಸರು ಒಂದೇ ಇಡಬೇಕಾ, ಬೇರೆ ಬೇರೆಯಾ?

ಹುಬ್ಬಳ್ಳಿ ನೆಟ್‌ವರ್ಕ್:
ಪರೀಕ್ಷೆ ಮಾಡುವಾಗ ಬೇರೆ ಇಡ್ರಿ, ಯಾವುದಕ್ಕೆ ಸೇರಿದ್ದೇವೆ ಅಂತ ಗೊತ್ತಾಗುತ್ತದೆ. ಎಲ್ಲಾ ಸರಿಯಾದ ಮೇಲೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಭದ್ರತೆಯ ಬಗೆಯೂ ಒಂದೇ. ಫೋನ್ ತಾನೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಆದರೆ ಚಾನೆಲ್ (ವೈಫೈ ಅಲೆ ಓಡುವ ಪಟ್ಟಿ) ಬೇರೆ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಎಂದರೆ 1, 6, 11. ಒಂದಕ್ಕೆ 1, ಇನ್ನೊಂದಕ್ಕೆ 11 ಕೊಡ್ರಿ. 20 ಮೆಗಾಹರ್ಟ್ಸ್ ಅಗಲ ಸಾಕು. 5 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149. ದಪ್ಪ ಗೋಡೆ ದಾಟುವುದರಲ್ಲಿ 2.4 ಗಟ್ಟಿ, ಅದೇ ಕೋಣೆಯಲ್ಲಿ ವೇಗಕ್ಕೆ 5 ಒಳ್ಳೆಯದು.

ಕೆಲವು ಫೋನುಗಳಿಗೆ ಹಳೇ ಸಂಬಂಧ ಬಿಡಲು ಮನಸ್ಸೇ ಬರುವುದಿಲ್ಲ. ಹೊಸ ರೌಟರಿನ ಪಕ್ಕ ಬಂದು ಕೂತರೂ ದೂರದ ಒಂದು ಕಡ್ಡಿಯನ್ನೇ ಹಿಡಿದುಕೊಂಡಿರುತ್ತವೆ. ಯಾವಾಗ ಬಿಡಬೇಕು ಅಂತ ತೀರ್ಮಾನಿಸುವುದು ಫೋನೇ. ದೂರದ ರೌಟರಿನ ಪವರ್ ಒಂದು ಹಂತ ಇಳಿಸಿ ನೋಡ್ರಿ. ಆಗ ಅದರ ಕೈ ಬಿಡುತ್ತವೆ.

ಜಗುಲಿಕಟ್ಟೆ:
ಹೊಸ ಪಿನ್ ಹಾಕಿಸಿದೆ. ಹಿಂದಿನ ಕೋಣೆಯಲ್ಲಿ 141! ಕೆರೆದು ನೋಡಿದೆ, ಒಳಗೂ ತಾಮ್ರವೇ. ರೌಟರಿನ ಹಿಂದೆ ಕೇಬಲ್ ಹತ್ತಿರ ಮಿಣುಕುವ ದೀಪ ಮೊದಲು ಕಿತ್ತಳೆ ಇತ್ತು, ಈಗ ಹಸಿರು.

ಈಗ ಮನೆಯವರಿಗೆ ಇನ್ನೊಂದು ಆಸೆ. ಹಿತ್ತಲಾಚೆ ಅಡಿಕೆ ಸುಲಿಯುವ ಕೊಟ್ಟಿಗೆ ಇದೆ, ಮನೆಯಿಂದ ಸುಮಾರು 40 ಮೀಟರ್. ಅಲ್ಲಿ ಒಂದು ಕ್ಯಾಮೆರಾ ಹಾಕಬೇಕಂತೆ. ಇದೇ ಕೇಬಲ್ಲನ್ನು ಅಲ್ಲಿಗೂ ಎಳೆಯಬಹುದಾ?

ಕಳಸದ ಕಡೆಯವ:
ಎಳೆಯಬೇಡಿ ಅಕ್ಕಾ. ಅನುಭವಿಸಿದವನು ಹೇಳುತ್ತಿದ್ದೇನೆ. ನಾವೂ ಹೀಗೇ ಮನೆಯಿಂದ ಕೊಟ್ಟಿಗೆಗೆ ತಾಮ್ರದ ಕೇಬಲ್ಲನ್ನು ಮರದಿಂದ ಮರಕ್ಕೆ ಕಟ್ಟಿ ಎಳೆದಿದ್ದೆವು. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಶುರುವಾಯಿತು. ಸಿಡಿಲು ಬಿದ್ದದ್ದು ತೋಟದ ಮಧ್ಯೆ, ಮನೆಗಲ್ಲ. ಆದರೂ ಕ್ಯಾಮೆರಾ, ಎರಡು ರೌಟರ್, ಮಗಳ ಕಂಪ್ಯೂಟರಿನ ಕೇಬಲ್ ಪೋರ್ಟ್, ಎಲ್ಲಾ ಒಟ್ಟಿಗೆ ಹೋದವು. ಕೇಬಲ್ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಕಪ್ಪಾಗಿ ಉಬ್ಬಿತ್ತು. ಮಗಳು ಐದು ನಿಮಿಷ ಮೊದಲಷ್ಟೇ ಎದ್ದು ಕಾಫಿಗೆ ಬಂದಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಹಾಸನದ ವೈರ್‌ಮನ್:
ಇದು ತುಂಬಾ ಮುಖ್ಯವಾದ ಮಾತು. ಸಿಡಿಲು ನೇರ ತಾಗಬೇಕೆಂದೇ ಇಲ್ಲ. ಹತ್ತಿರ ಬಿದ್ದರೂ ಉದ್ದನೆಯ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏಳುತ್ತದೆ. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ ಇದ್ದರೆ ಇನ್ನೂ ಕೆಟ್ಟದ್ದು.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರಗಡೆ ಹೋಗುವುದಾದರೆ ಫೈಬರ್ ಹಾಕಿ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್. ಅದು ಬೆಳಕನ್ನು ಕೇಬಲ್ಲಿನ ಸಿಗ್ನಲ್ ಮಾಡಿ ಕೊಡುತ್ತದೆ. ಫೈಬರ್ ಗಾಜು, ಕರೆಂಟ್ ಹರಿಯುವುದಿಲ್ಲ. ಆದರೆ ಎಳೆಯಲು ಬಲಕ್ಕೆ ಸ್ಟೀಲ್ ತಂತಿ ಸೇರಿಸಿದ ಫೈಬರ್ ಕೇಬಲ್ ಬರುತ್ತದೆ. ಅದು ಬೇಡ, ಲೋಹ ಇಲ್ಲದ್ದು ಕೇಳಿ. ಫೈಬರನ್ನು ಚೂಪಾಗಿ ಮಡಚಬೇಡಿ.

ಒಳಗಿನ ಕೇಬಲ್ಲಿಗೂ ಎಚ್ಚರ ಇರಲಿ. ಗುಡುಗು ಶುರುವಾಗುವ ಮೊದಲೇ ಅಡಾಪ್ಟರನ್ನು ಗೋಡೆಯಿಂದ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಉದ್ದ ಕೇಬಲ್ಲನ್ನೂ ಎರಡೂ ತುದಿಯಲ್ಲಿ ಕೀಳಿ. ಫೈಬರ್ ಬಾಕ್ಸಿಗೆ ಬರುವುದು ಗಾಜಿನ ತಂತಿ ಎಂದು ಧೈರ್ಯ ಬೇಡ, ಸಿಡಿಲಿನ ಹೊಡೆತ ಕರೆಂಟ್ ಲೈನಿನ ಕಡೆಯಿಂದಲೂ ಬರುತ್ತದೆ. ಗುಡುಗು ತಲೆ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ. ಪೆಟ್ಟಿಗೆ ಹೋದರೆ ಹೋಗಲಿ.

ಮಂಗಳೂರು ಮಳೆ:
ಕರೆಂಟ್ ಹೋದಾಗ? ಮಳೆಗಾಲದಲ್ಲಿ ನಮ್ಮಲ್ಲೇ ಹೋಗುತ್ತದೆ, ಮಲೆನಾಡಿನಲ್ಲಿ ಕೇಳಬೇಕಾ?

ಹುಬ್ಬಳ್ಳಿ ನೆಟ್‌ವರ್ಕ್:
ರೌಟರಿಗೆಂದೇ ಸಣ್ಣ ಯುಪಿಎಸ್ ಬರುತ್ತದೆ. ಎರಡು ರೌಟರ್ ಇದ್ದರೆ ಎರಡು ಬೇಕು. ಜಗುಲಿಯದು ಸತ್ತರೆ ಹಿಂದಿನದು ಬದುಕಿದ್ದೂ ಉಪಯೋಗ ಇಲ್ಲ. ತರುವ ಮೊದಲು ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. 12 ವೋಲ್ಟ್ ಇದ್ದರೆ 12ರದ್ದೇ, 9 ಇದ್ದರೆ 9ರದ್ದೇ ತರಬೇಕು. ಆಂಪಿಯರ್ ಅಲ್ಲಿರುವಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬಹುದು, ಕಡಿಮೆ ಆಗಬಾರದು. ಎರಡು ರೌಟರಿನ ಅಡಾಪ್ಟರ್ ಅದಲು ಬದಲು ಆಗದಂತೆ ಗುರುತು ಹಾಕಿಡಿ, ಪಿನ್ ಒಂದೇ ಥರ ಇರುತ್ತದೆ.

ಜಗುಲಿಕಟ್ಟೆ:
ಎಲ್ಲರಿಗೂ ಮನಸಾರೆ ಧನ್ಯವಾದ. ಕಳಸದ ಅಣ್ಣ ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ತಾಮ್ರದ ಕೇಬಲ್ ಆಸೆ ಬಿಟ್ಟರು. ಫೈಬರನ್ನು ನೆಲದೊಳಗೆ ಪೈಪಿನಲ್ಲಿ ಹಾಯಿಸುವುದು ಎಂದಾಗಿದೆ. ಇನ್ನೇನು ಮಳೆ ಹಿಡಿಯುತ್ತದೆ, ಗುಂಡಿ ತೋಡಲು ಆಗುವುದಿಲ್ಲ. ದೀಪಾವಳಿ ಕಳೆದು, ಕೊಯ್ಲು ಜೋರಾಗುವ ಮೊದಲು ಮಾಡಿಸುತ್ತೇವೆ.

ಎರಡೂ ಅಡಾಪ್ಟರಿಗೆ ಬಟ್ಟೆಯ ಪಟ್ಟಿ ಕಟ್ಟಿದ್ದೇನೆ, ಜಗುಲಿಯದಕ್ಕೆ ಕೆಂಪು, ಹಿಂದಿನದಕ್ಕೆ ಹಳದಿ. ರೌಟರಿನ ಹೊಟ್ಟೆಗೆ ಚೀಟಿಯೂ ಅಂಟಿಸಿದೆ: 192.168.1.2, ಡಿಎಚ್‌ಸಿಪಿ ಆಫ್, ವ್ಯಾನ್ ಪೋರ್ಟ್ ಖಾಲಿ ಇರಲಿ. ನಿನ್ನೆ ಸಂಜೆ ಮೋಡ ಕವಿದಾಗ ನಾನು ತೋಟದಲ್ಲಿದ್ದೆ. ಓಡಿ ಬರುವಷ್ಟರಲ್ಲಿ ಅತ್ತೆ ಹಳದಿ ಪಟ್ಟಿ ಹಿಡಿದು ತಾವೇ ಕಿತ್ತಿಟ್ಟಿದ್ದರು.